ಸಿಸಿಗಿಂತ ಮೊದಲು ಸೆಂಟಿಮೀಟರ್: ಸ್ತನ ಇಂಪ್ಲಾಂಟ್‌ನ ಗಾತ್ರ ಆರಿಸುವುದು ಹೇಗೆ

ಪ್ಲಾಸ್ಟಿಕ್ ಸರ್ಜರಿ ವಿಭಾಗದ ಶುಶ್ರೂಷಕಿಯಾದ ನನಗೆ ಒಪ್ಪಿಸಿರುವ ಕೆಲಸಗಳಲ್ಲಿ ಒಂದು, ಸ್ತನವರ್ಧನೆ ಶಸ್ತ್ರಚಿಕಿತ್ಸೆಗೆ ಬರುವವರ ಅಳತೆ ಬರೆದುಕೊಂಡು ಅವರಿಗೆ ಮಾದರಿ ಇಂಪ್ಲಾಂಟ್‌ಗಳನ್ನು ತೋರಿಸುವುದು. ಕೊನೆಯ ತೀರ್ಮಾನ ಸರ್ಜನ್ ಮತ್ತು ಆ ಮಹಿಳೆಯ ನಡುವಿನದು. ಅದಕ್ಕೆ ಮುಂಚಿನ ಗೊಂದಲವೆಲ್ಲ ಬಿಚ್ಚಿಕೊಳ್ಳುವುದು ಮಾತ್ರ ನನ್ನ ಮೇಜಿನ ಮುಂದೆ.

ಬರುವವರಲ್ಲಿ ಹೆಚ್ಚಿನವರು ಒಂದು ಸಂಖ್ಯೆಯನ್ನು ಗಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. "ಸಿಸ್ಟರ್, ನನಗೆ 350 ಸಿಸಿ ಸಾಕು." ಏಕೆ 350 ಎಂದು ಕೇಳಿದರೆ, ಗೆಳತಿಗೆ ಅಷ್ಟೇ ಹಾಕಿದ್ದಾರೆ, ಅವಳಿಗೆ ಚೆನ್ನಾಗಿ ಒಪ್ಪುತ್ತದೆ ಎನ್ನುತ್ತಾರೆ. ಆ ಗೆಳತಿಯ ಎದೆಗೂಡು ಎಷ್ಟು ಅಗಲ, ಅವಳಿಗೆ ಮೊದಲೇ ಎಷ್ಟು ಸ್ತನವಿತ್ತು, ಚರ್ಮ ಬಿಗಿಯೋ ಸಡಿಲವೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಸಿಸಿ ಎಂದರೆ ಘನ ಸೆಂಟಿಮೀಟರ್, ಅಂದರೆ ಒಂದು ಮಿಲಿಲೀಟರ್. ಚೀಲದೊಳಗೆ ಎಷ್ಟು ಸಿಲಿಕೋನ್ ಜೆಲ್ ಅಥವಾ ಎಷ್ಟು ಉಪ್ಪುನೀರು ಇದೆ ಎನ್ನುವುದನ್ನಷ್ಟೇ ಅದು ಹೇಳುತ್ತದೆ. ಕಿರಿದಾದ ಎದೆಯವಳಲ್ಲಿ ಎದ್ದು ಕಾಣುವ 300 ಸಿಸಿ, ಅಗಲ ಭುಜದ ಎತ್ತರದ ಹೆಂಗಸಿನಲ್ಲಿ ಹಾಕಿದ್ದೇ ತಿಳಿಯದಂತೆ ಅಡಗಿ ಹೋಗಬಹುದು. ಆದ್ದರಿಂದ ನಾನು ಸಂಖ್ಯೆಯನ್ನು ಕಾಗದದ ಮೂಲೆಯಲ್ಲಿ ಬರೆದಿಟ್ಟು, ಟೇಪು ಕೈಗೆತ್ತಿಕೊಳ್ಳುತ್ತೇನೆ.

ಟೇಪು ಏನನ್ನು ಕೇಳುತ್ತದೆ

ಮೊದಲ ಅಳತೆ ಸ್ತನದ ಬುಡದ ಅಗಲ. ಎದೆಮೂಳೆಯ ಪಕ್ಕ ಸ್ತನ ಆರಂಭವಾಗುವ ಜಾಗದಿಂದ ಕಂಕುಳಿನ ಕಡೆ ಅದು ಮುಗಿಯುವ ಜಾಗದವರೆಗೆ, ಅಡ್ಡಲಾಗಿ, ನೇರ ಗೆರೆಯಲ್ಲಿ. ಮೈಯ ಉಬ್ಬಿನ ಮೇಲೆ ಟೇಪನ್ನು ಹೊರಳಿಸಿದರೆ ಲೆಕ್ಕ ಹೆಚ್ಚು ಬರುತ್ತದೆ. ಅದಕ್ಕೇ ಹಲವು ಸರ್ಜನ್ನರು ಟೇಪು ಬಿಟ್ಟು ಕ್ಯಾಲಿಪರ್ (ಎರಡು ತುದಿಗಳ ನಡುವಿನ ನೇರ ಅಂತರ ಅಳೆಯುವ ಸಾಧನ) ಹಿಡಿಯುತ್ತಾರೆ. ಈ ಅಗಲ 12 ಸೆಂಟಿಮೀಟರ್ ಇದ್ದರೆ, ಒಳಗೆ ಇಡುವ ಇಂಪ್ಲಾಂಟ್‌ನ ತಳದ ವ್ಯಾಸ ಅದನ್ನು ಮೀರಬಾರದು; ಸಾಮಾನ್ಯವಾಗಿ ಅರ್ಧದಿಂದ ಒಂದು ಸೆಂಟಿಮೀಟರ್ ಕಡಿಮೆಯೇ ಇರುತ್ತದೆ, ಏಕೆಂದರೆ ನಿಮ್ಮದೇ ಸ್ತನದ ಊತಕಕ್ಕೂ, ಅಂದರೆ ಅಂಗಾಂಶಕ್ಕೂ, ಒಂದಿಷ್ಟು ದಪ್ಪವಿದೆ. ಮೀರಿದರೆ ಏನಾಗುತ್ತದೆ? ಒಳಬದಿಯಲ್ಲಿ ಎರಡು ಇಂಪ್ಲಾಂಟ್‌ಗಳೂ ಎದೆಮೂಳೆಯ ಮೇಲೆ ಒಂದರ ಹತ್ತಿರ ಒಂದು ಸರಿದು ನಡುವಿನ ಕಣಿವೆಯೇ ಇಲ್ಲವಾಗಬಹುದು. ಸಿಮ್ಮಾಸ್ಟಿಯಾ ಎನ್ನುವ ಈ ತೊಂದರೆಯನ್ನು ಸರಿಪಡಿಸುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ಕಷ್ಟ. ಹೊರಬದಿಯಲ್ಲಿ ತೋಳು ಇಳಿಬಿಟ್ಟಾಗಲೆಲ್ಲ ಅಂಚು ತಗಲುತ್ತಿರುತ್ತದೆ.

ಅಗಲ ಗೊತ್ತಾದ ಮೇಲೆ ಪ್ರೊಫೈಲ್, ಅಂದರೆ ಇಂಪ್ಲಾಂಟ್ ಎದೆಯಿಂದ ಎಷ್ಟು ಮುಂದಕ್ಕೆ ಚಾಚುತ್ತದೆ ಎಂಬುದು. ತಯಾರಕರ ಪಟ್ಟಿ ನೋಡಿದರೆ ಪ್ರತಿ ಇಂಪ್ಲಾಂಟ್‌ಗೂ ಮೂರು ಅಂಕಿಗಳಿರುತ್ತವೆ: ಪರಿಮಾಣ, ತಳದ ವ್ಯಾಸ, ಚಾಚು. ಹಾಗಾಗಿ 12 ಸೆಂಟಿಮೀಟರ್ ವ್ಯಾಸದಲ್ಲೇ ಕಡಿಮೆ ಚಾಚಿನದು ಸುಮಾರು 250 ಸಿಸಿಯ ಆಸುಪಾಸಿನಲ್ಲೂ, ಹೆಚ್ಚು ಚಾಚಿನದು 400ರ ಹತ್ತಿರವೂ ಸಿಗುತ್ತದೆ. ತಯಾರಕರಿಂದ ತಯಾರಕರಿಗೆ ಇದು ಬದಲಾಗುತ್ತದೆ. ಒಬ್ಬರ 'ಹೈ' ಇನ್ನೊಬ್ಬರ 'ಮಾಡರೇಟ್ ಪ್ಲಸ್'ಗೆ ಹತ್ತಿರವಿರಬಹುದು. ಆದ್ದರಿಂದ ಪ್ರೊಫೈಲ್‌ನ ಹೆಸರನ್ನು ಬಾಯಿಪಾಠ ಮಾಡಬೇಡಿ, ಸೆಂಟಿಮೀಟರ್ ಕೇಳಿ. ಕಿರಿದಾದ ಎದೆಯ ಮಹಿಳೆಗೆ ದೊಡ್ಡ ಪರಿಮಾಣ ಬೇಕಾದಾಗ ಅಗಲಕ್ಕೆ ಹೋಗಲು ಜಾಗವಿಲ್ಲದೆ ಮುಂದಕ್ಕೆ ಹೋಗಬೇಕಾಗುತ್ತದೆ, ಮೇಲ್ಭಾಗ ಗುಂಡಾಗಿ ಎದ್ದು ಕಾಣುತ್ತದೆ. ಕೆಲವರಿಗೆ ಅದೇ ಇಷ್ಟ. ಇಷ್ಟವಿಲ್ಲದವರಿಗೆ ಇದು ಮೊದಲೇ ತಿಳಿದಿರಬೇಕು.

ಎರಡನೆಯದು ಚರ್ಮ ಮತ್ತು ಊತಕ. ಇಲ್ಲಿ ಆತುರ ಬೇಡ, ಏಕೆಂದರೆ ಮುಂದಿನ ಹತ್ತು ವರ್ಷ ಇಂಪ್ಲಾಂಟ್‌ನ ಭಾರ ಹೊರುವುದು ಇದೇ. ತೊಟ್ಟಿನ ಸುತ್ತಲಿನ ಚರ್ಮವನ್ನು ಮೆಲ್ಲಗೆ ಹಿಡಿದು ಮುಂದಕ್ಕೆ ಎಳೆದು ಎಷ್ಟು ಬರುತ್ತದೆ ಎಂದು ಅಳೆಯುತ್ತಾರೆ. ತೊಟ್ಟಿನಿಂದ ಸ್ತನದ ಕೆಳಮಡಿಕೆಯವರೆಗಿನ ಅಂತರವನ್ನು ಚರ್ಮ ಎಳೆದು ಹಿಡಿದು ಅಳೆಯುತ್ತಾರೆ. ಸ್ತನದ ಮೇಲ್ಭಾಗವನ್ನು ಬೆರಳುಗಳ ನಡುವೆ ಚಿವುಟಿ ದಪ್ಪ ನೋಡುತ್ತಾರೆ. ಅದು 2 ಸೆಂಟಿಮೀಟರಿಗಿಂತ ಕಡಿಮೆ ಬಂದರೆ, ಅಂಚು ಎದ್ದು ಕಾಣದಂತೆ ಇಂಪ್ಲಾಂಟ್‌ನ ಮೇಲ್ಭಾಗವನ್ನು ಎದೆಯ ಸ್ನಾಯುವಿನ ಅಡಿಗೆ ಸೇರಿಸುವುದು ವಾಡಿಕೆ. ತೆಳ್ಳಗಿನ ಮೈಯವರಿಗೆ ಈ ಚಿವುಟು ಪರೀಕ್ಷೆಯೇ ಬಹುಪಾಲು ತೀರ್ಮಾನ ಮಾಡಿಬಿಡುತ್ತದೆ.

2005ರಲ್ಲಿ ಅಮೆರಿಕದ ಸರ್ಜನ್ನರಾದ ಜಾನ್ ಟೆಬ್ಬೆಟ್ಸ್ ಮತ್ತು ವಿಲಿಯಂ ಆಡಮ್ಸ್ ಈ ಅಳತೆಗಳನ್ನು ಒಂದು ಕ್ರಮಕ್ಕೆ ತಂದು ಪ್ರಕಟಿಸಿದರು. ಅವರ ಲೆಕ್ಕ ಬುಡದ ಅಗಲದಿಂದ ಹೊರಡುತ್ತದೆ: 12 ಸೆಂಟಿಮೀಟರಿಗೆ 300 ಸಿಸಿ ಆರಂಭದ ಅಂಕಿ. ಚರ್ಮ 2 ಸೆಂಟಿಮೀಟರಿಗಿಂತ ಕಡಿಮೆ ಎಳೆದರೆ ಅದರಿಂದ 30 ಕಳೆಯುವುದು, 3ಕ್ಕಿಂತ ಹೆಚ್ಚು ಎಳೆದರೆ 30 ಕೂಡುವುದು, 4 ದಾಟಿದರೆ 60 ಕೂಡುವುದು. ಎಲ್ಲ ಸರ್ಜನ್ನರೂ ಇದನ್ನೇ ಅನುಸರಿಸುವುದಿಲ್ಲ, ಅನುಸರಿಸಬೇಕಾಗಿಯೂ ಇಲ್ಲ. ಆದರೆ ಚರ್ಮದ ಎಳೆತಕ್ಕೆ ಸಿಗುವ ರಿಯಾಯಿತಿ ಹೆಚ್ಚೆಂದರೆ 60 ಸಿಸಿ ಎಂಬುದನ್ನು ಗಮನಿಸಿ. 12 ಸೆಂಟಿಮೀಟರ್ ಅಗಲದವಳು 550 ಕೇಳಿದಾಗ ಸರ್ಜನ್ ಮುಖ ಗಂಟಿಕ್ಕುವುದೇಕೆ ಎಂದು ಆಗ ಅರ್ಥವಾಗುತ್ತದೆ.

ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಬುಡದ ಅಗಲವನ್ನು ನೀವೇ ಅಳೆದು ನೋಡಬಹುದು. ಅದು ತೀರ್ಮಾನಕ್ಕಲ್ಲ, ಸರ್ಜನ್ ಹೇಳುವುದು ತಲೆಗೆ ಹೋಗಲಿ ಎಂದು. ಹಾಗೆ ನಿಂತಾಗಲೇ ಇನ್ನೆರಡು ಸಂಗತಿ ನೋಡಿಕೊಳ್ಳಿ. ಒಂದು, ಎರಡೂ ಕಡೆ ಒಂದೇ ರೀತಿ ಇವೆಯೇ? ಇರುವುದಿಲ್ಲ, ಬಹುಮಟ್ಟಿಗೆ ಎಲ್ಲರಲ್ಲೂ ಗಾತ್ರದಲ್ಲೋ, ತೊಟ್ಟಿನ ಎತ್ತರದಲ್ಲೋ, ಪಕ್ಕೆಲುಬಿನ ಉಬ್ಬಿನಲ್ಲೋ ವ್ಯತ್ಯಾಸವಿರುತ್ತದೆ. ಎರಡು ಬದಿಗೆ ಎರಡು ಗಾತ್ರ ಹಾಕಿ ಪರಿಮಾಣವನ್ನು ಸರಿದೂಗಿಸಬಹುದು, ತೊಟ್ಟಿನ ಎತ್ತರವನ್ನು ಹಾಗೆ ಸರಿದೂಗಿಸಲಾಗದು. ಇನ್ನೊಂದು, ತೊಟ್ಟು ಕೆಳಮಡಿಕೆಗಿಂತ ಕೆಳಗಿದೆಯೇ? ಇದ್ದರೆ ಇಂಪ್ಲಾಂಟ್ ಒಂದೇ ಅದನ್ನು ಎತ್ತುವುದಿಲ್ಲ. ಮಕ್ಕಳಿಗೆ ಹಾಲೂಡಿಸಿದ ಮೇಲೆ ಸ್ತನ ಸಡಿಲಗೊಂಡವರು "ಸ್ವಲ್ಪ ದೊಡ್ಡದು ಹಾಕಿಬಿಟ್ಟರೆ ಚರ್ಮವೆಲ್ಲ ತುಂಬಿಕೊಳ್ಳುತ್ತದಲ್ಲವೇ" ಎಂದು ಕೇಳುತ್ತಾರೆ. ಕೆಲವು ಕಾಲ ತುಂಬಿಕೊಳ್ಳುತ್ತದೆ. ಆಮೇಲೆ ಆ ಭಾರವೇ ಚರ್ಮವನ್ನು ಇನ್ನಷ್ಟು ಇಳಿಸುತ್ತದೆ. ಅಲ್ಲಿ ಬೇಕಾಗಿರುವುದು ಸ್ತನ ಎತ್ತರಿಸುವ ಶಸ್ತ್ರಚಿಕಿತ್ಸೆ, ಅದರ ಜೊತೆಗೆ ಬೇಕಿದ್ದರೆ ಚಿಕ್ಕ ಇಂಪ್ಲಾಂಟ್.

ಕಪ್ಪಿನ ಅಕ್ಷರ ಬಿಡಿ

"ಸಿ ಕಪ್ ಆಗಬೇಕು" ಎಂದು ಸರ್ಜನ್ನರಿಗೆ ಹೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಕಪ್ಪಿನ ಅಕ್ಷರ ಬ್ರಾದ ಪಟ್ಟಿಯ ಸುತ್ತಳತೆಗೆ ಅಂಟಿಕೊಂಡಿರುವಂಥದ್ದು: 32ರ ಡಿ ಮತ್ತು 34ರ ಸಿ ಹೆಚ್ಚು ಕಡಿಮೆ ಒಂದೇ ಪರಿಮಾಣ ಹಿಡಿಯುತ್ತವೆ, 32ರ ಸಿ ಮತ್ತು 38ರ ಸಿ ನಡುವೆ ಭಾರಿ ಅಂತರವಿದೆ. ತಯಾರಕರಲ್ಲೂ ಒಮ್ಮತವಿಲ್ಲ. ಒಂದು ಕಪ್ ಏರಲು ಸುಮಾರು 150ರಿಂದ 200 ಸಿಸಿ ಎನ್ನುವ ಅಂದಾಜು ಚಾಲ್ತಿಯಲ್ಲಿದೆ. ಅದನ್ನು ಅಂದಾಜಾಗಿಯೇ ಇಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರ ಯಾವ ಅಕ್ಷರದ ಬ್ರಾ ಹಿಡಿಸುತ್ತದೆ ಎಂದು ಮಾತು ಕೊಡುವ ಸರ್ಜನ್ನರ ಬಗ್ಗೆ ನನಗೆ ಗುಮಾನಿ.

ಅಕ್ಷರದ ಬದಲು ಚಿತ್ರ ತನ್ನಿ. ನಿಮ್ಮ ಎತ್ತರ, ನಿಮ್ಮ ಮೈಕಟ್ಟಿಗೆ ಹತ್ತಿರವಿರುವವರ ಶಸ್ತ್ರಚಿಕಿತ್ಸೆಯ ಮೊದಲಿನ ಮತ್ತು ನಂತರದ ಚಿತ್ರಗಳು. ಮೊದಲಿನ ಚಿತ್ರ ನಿಮ್ಮನ್ನು ಹೋಲದಿದ್ದರೆ ನಂತರದ್ದು ನಿಮಗೆ ಸಂಬಂಧಿಸಿದ್ದಲ್ಲ. ಇಷ್ಟವಾಗದ ಚಿತ್ರಗಳನ್ನೂ ತನ್ನಿ. ನನ್ನ ಅನುಭವದಲ್ಲಿ ಬೇಡವಾದ ಚಿತ್ರವೇ ಹೆಚ್ಚು ಮಾತಾಡಿಸುತ್ತದೆ, "ಇದರಲ್ಲಿ ಮೇಲ್ಭಾಗ ಇಷ್ಟು ಉಬ್ಬಿರುವುದು ಬೇಡ" ಎನ್ನುವಾಗ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತದೆ. ಸಹಜವಾಗಿ ಕಾಣಬೇಕು ಎಂದಷ್ಟೇ ಹೇಳಿದರೆ ಸರ್ಜನ್ನರ ಕೈಗೆ ಏನನ್ನೂ ಕೊಟ್ಟಂತಾಗುವುದಿಲ್ಲ. ಮೇಲ್ಭಾಗ ಇಳಿಜಾರಾಗಿರಬೇಕೇ, ತುಂಬಿರಬೇಕೇ? ಬ್ರಾ ಇಲ್ಲದೆ ಚೆನ್ನಾಗಿ ಕಾಣಬೇಕೇ, ಬಟ್ಟೆ ತೊಟ್ಟಾಗ ಕಂಡರೆ ಸಾಕೇ? ಗೊತ್ತಿರುವವರು ನೋಡಿ ಗುರುತಿಸಿದರೆ ಪರವಾಗಿಲ್ಲವೇ? ಈ ಮೂರಕ್ಕೆ ಉತ್ತರ ಸಿದ್ಧವಿರಲಿ.

ಮಾದರಿಗಳನ್ನು ತೊಟ್ಟು ನೋಡುವುದು

ಪ್ಯಾಡ್ ಇಲ್ಲದ, ಹಿಗ್ಗುವ ಬ್ರಾ ಒಂದನ್ನು, ಈಗಿನದಕ್ಕಿಂತ ದೊಡ್ಡ ಕಪ್ಪಿನದನ್ನು ತನ್ನಿ. ಮೇಲೆ ತೊಡಲು ಮೈಗೆ ಒಪ್ಪುವ, ಚಿತ್ತಾರವಿಲ್ಲದ, ತಿಳಿಬಣ್ಣದ ಟೀ ಶರ್ಟ್. ಅದರ ಜೊತೆಗೆ ನೀವು ದಿನವೂ ಕೆಲಸಕ್ಕೆ ತೊಡುವ ಬಟ್ಟೆಯೊಂದು. ಸಂಜೆಯ ಸಮಾರಂಭದ ಉಡುಪನ್ನು ತಂದು ಅದಕ್ಕೆ ತಕ್ಕಂತೆ ಗಾತ್ರ ಆರಿಸುವವರಿದ್ದಾರೆ. ವರ್ಷದಲ್ಲಿ ಆ ಉಡುಪು ಎಷ್ಟು ಸಲ ಹೊರಬರುತ್ತದೆ ಎಂದು ಕೇಳಬೇಕೆನಿಸಿದರೂ ನಾನು ಕೇಳುವುದಿಲ್ಲ.

ಮಾದರಿಯನ್ನು ಬ್ರಾದೊಳಗೆ ಇಟ್ಟ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ತಲೆ ಬಗ್ಗಿಸಿ ನೋಡಿಕೊಳ್ಳುವುದು. ಮೇಲಿನಿಂದ ನೋಡಿದರೆ ಏನೇ ಆದರೂ ದೊಡ್ಡದಾಗಿಯೇ ಕಾಣುತ್ತದೆ. ಕನ್ನಡಿಯಿಂದ ಹಿಂದೆ ಸರಿದು ನಿಲ್ಲಿ, ಪಕ್ಕಕ್ಕೆ ತಿರುಗಿ, ಯಾರಿಂದಾದರೂ ನಿಮ್ಮ ಮೊಬೈಲ್‌ನಲ್ಲಿ ಮುಂದಿನಿಂದ, ಪಕ್ಕದಿಂದ, ಓರೆಯಿಂದ ಚಿತ್ರ ತೆಗೆಸಿಕೊಳ್ಳಿ. ಆಮೇಲೆ ನಡೆಯಿರಿ, ಬಾಗಿ ಚಪ್ಪಲಿ ಹಾಕಿಕೊಳ್ಳಿ, ಮೆಟ್ಟಿಲು ಹತ್ತಿ ಇಳಿಯಿರಿ. ಓಟದ ಅಭ್ಯಾಸವಿದ್ದ ಒಬ್ಬಾಕೆ 350ರ ಮಾದರಿ ತೊಟ್ಟು ಕನ್ನಡಿಯ ಮುಂದೆ ಬಹಳ ಸಂತೋಷಪಟ್ಟರು. ಅದೇ ಮಾದರಿಯಲ್ಲಿ ಮೆಟ್ಟಿಲು ಇಳಿದು ಬಂದವರೇ ಮೇಜಿನ ಮೇಲಿದ್ದ ಚಿಕ್ಕವುಗಳ ಕಡೆ ಕೈ ಚಾಚಿದರು. ತೂಕದ ಲೆಕ್ಕ ಸುಲಭ: ಜೆಲ್ ಇರಲಿ, ಉಪ್ಪುನೀರಿರಲಿ, ಒಂದು ಸಿಸಿ ಸುಮಾರು ಒಂದು ಗ್ರಾಂ. ಎರಡೂ ಬದಿಗೆ 400 ಎಂದರೆ ಮುಕ್ಕಾಲು ಕಿಲೋಗಿಂತ ಹೆಚ್ಚು. ಕಳಚಿಡುವಂತಿಲ್ಲ.

ಮನೆಯಲ್ಲೂ ಇದನ್ನು ಮಾಡಿ ನೋಡಬಹುದು. ಮಿಲಿಲೀಟರ್ ಗುರುತಿರುವ ಅಳತೆಪಾತ್ರೆಯಲ್ಲಿ ಅಕ್ಕಿ ಅಳೆದು, ತೆಳುವಾದ ಉದ್ದ ಕಾಲುಚೀಲದಲ್ಲಿ ತುಂಬಿ, ಗಂಟು ಹಾಕಿ, ತುಸು ಚಪ್ಪಟೆ ಮಾಡಿ ಬ್ರಾದೊಳಗೆ ಇಟ್ಟುಕೊಂಡು ಅರ್ಧ ದಿನ ಮನೆಗೆಲಸ ಮಾಡಿ. ಕಚೇರಿಯ ಕುರ್ಚಿಯಲ್ಲಿ ಕೂರುವಂತೆ ಕುಳಿತು ನೋಡಿ. ಇದು ಸ್ಥೂಲ ಪರೀಕ್ಷೆ. ಚೀಲ ಚರ್ಮದ ಹೊರಗಿದೆ, ಇಂಪ್ಲಾಂಟ್ ಒಳಗೆ ಇರುತ್ತದೆ. ಸ್ನಾಯುವಿನ ಅಡಿಗೆ ಹೋದಾಗ ಅದೇ ಪರಿಮಾಣ ಹೊರಗಿಟ್ಟಾಗ ಕಂಡದ್ದಕ್ಕಿಂತ ತುಸು ಕಡಿಮೆ ಕಾಣುವುದುಂಟು. ತ್ರಿ-ಆಯಾಮದ ಕ್ಯಾಮೆರಾದಲ್ಲಿ ನಿಮ್ಮ ಎದೆಯ ಚಿತ್ರ ತೆಗೆದು ಪರದೆಯ ಮೇಲೆ ಇಂಪ್ಲಾಂಟ್ ಇಟ್ಟು ತೋರಿಸುವ ಯಂತ್ರಗಳೂ ಇವೆ. ಎರಡು ಗಾತ್ರಗಳ ನಡುವಿನ ವ್ಯತ್ಯಾಸ ತಿಳಿಯಲು ಅವು ಒಳ್ಳೆಯವು. ಪರದೆಯ ಮೇಲಿನ ಚರ್ಮ ಹಿಗ್ಗುವುದೂ ಇಲ್ಲ, ಜೋಲುವುದೂ ಇಲ್ಲ ಎಂಬುದು ನೆನಪಿನಲ್ಲಿದ್ದರೆ ಆಯಿತು.

ಎರಡು ಗಾತ್ರಗಳ ನಡುವೆ ಸಿಕ್ಕಿಕೊಂಡರೆ

ಇದು ಬಹುತೇಕ ಎಲ್ಲರಿಗೂ ಆಗುತ್ತದೆ. 300 ಇರಲೋ, 325 ಇರಲೋ ಎಂದು ನಿದ್ದೆಗೆಡುತ್ತಾರೆ. 25 ಸಿಸಿ ಎಂದರೆ ಎರಡು ದೊಡ್ಡ ಚಮಚ ನೀರೂ ಅಲ್ಲ; ಎದೆಯ ಇಡೀ ಅಗಲಕ್ಕೆ ಅದನ್ನು ಹರಡಿದರೆ ನಿಮ್ಮ ಜೊತೆ ಬಾಳುವವರಿಗೂ ಗೊತ್ತಾಗಲಿಕ್ಕಿಲ್ಲ. ಇಷ್ಟು ಚಿಕ್ಕ ಅಂತರದ ತೀರ್ಮಾನವನ್ನು ಸರ್ಜನ್ನರಿಗೆ ಬಿಡುವುದೇ ಮೇಲು. ಅವರಲ್ಲಿ ಹಲವರು ಶಸ್ತ್ರಚಿಕಿತ್ಸೆಯ ನಡುವೆ ಗಾತ್ರ ನೋಡಲೆಂದೇ ಇರುವ ತಾತ್ಕಾಲಿಕ ಮಾದರಿಗಳನ್ನು (ಸೈಜರ್) ಒಳಗಿಟ್ಟು, ಅರಿವಳಿಕೆಯಲ್ಲಿರುವಾಗಲೇ ಮೇಜನ್ನು ಎತ್ತಿ ನಿಮ್ಮನ್ನು ಕುಳಿತ ಭಂಗಿಗೆ ತಂದು ನೋಡಿ, ಆಮೇಲೆ ನಿಜವಾದ ಇಂಪ್ಲಾಂಟ್‌ನ ಪೊಟ್ಟಣ ತೆರೆದು ಅದನ್ನು ಇಡುತ್ತಾರೆ. ಅದಕ್ಕಾಗಿ ನೀವು ಒಂದು ಅಂಕಿಯನ್ನಲ್ಲ, ಒಂದು ವ್ಯಾಪ್ತಿಯನ್ನು ಒಪ್ಪಿರಬೇಕು.

ಅಂತರ ದೊಡ್ಡದಿದ್ದಾಗ, 275ಕ್ಕೂ 375ಕ್ಕೂ ನಡುವೆ ಮನಸ್ಸು ಓಲಾಡುತ್ತಿದ್ದಾಗ, ನಾನು ಕೇಳುವ ಪ್ರಶ್ನೆ ಇದು: ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದ ಮೇಲೆ ನೋಡಿಕೊಂಡಾಗ ಅಂದುಕೊಂಡದ್ದಕ್ಕಿಂತ ತುಸು ಚಿಕ್ಕದಾಗಿದ್ದರೆ ಹೆಚ್ಚು ಬೇಸರವೋ, ತುಸು ದೊಡ್ಡದಾಗಿದ್ದರೆ ಹೆಚ್ಚು ಬೇಸರವೋ? ಉತ್ತರ ತಟ್ಟನೆ ಬರುತ್ತದೆ. ಆ ಉತ್ತರವನ್ನು ಅದೇ ಮಾತಿನಲ್ಲಿ ಸರ್ಜನ್ನರಿಗೆ ಹೇಳಿ.

"ಎಲ್ಲರೂ ಕೊನೆಗೆ ಇನ್ನೂ ದೊಡ್ಡದು ಹಾಕಿಸಬೇಕಿತ್ತು ಎನ್ನುತ್ತಾರಂತೆ, ಆದ್ದರಿಂದ ಮೊದಲೇ ಒಂದು ಗಾತ್ರ ಮೇಲಕ್ಕೆ ಹೋಗಿಬಿಡೋಣ" ಎನ್ನುವ ಮಾತು ಪದೇ ಪದೇ ಕೇಳಿಬರುತ್ತದೆ. ಅದರಲ್ಲಿ ನಿಜವೂ ಇದೆ. ಗಾತ್ರ ಬದಲಿಸಿಕೊಳ್ಳಬೇಕೆನ್ನುವುದು ಮರುಶಸ್ತ್ರಚಿಕಿತ್ಸೆಯ ಸಾಮಾನ್ಯ ಕಾರಣಗಳಲ್ಲಿ ಒಂದು. ಮೊದಲ ವಾರಗಳ ಊತಕ್ಕೆ ಕಣ್ಣು ಒಗ್ಗಿ, ಅದು ಇಳಿದಾಗ ಏನೋ ಕಳೆದುಕೊಂಡಂತೆ ಅನ್ನಿಸುವುದೂ ಉಂಟು. ಆದರೆ ಇದು ನಿಮ್ಮ ಅಳತೆಗಳು ಕೊಟ್ಟ ವ್ಯಾಪ್ತಿಯೊಳಗೆ ಮೇಲಿನ ತುದಿಯನ್ನು ಆರಿಸಲು ಕಾರಣವಾಗಬಹುದೇ ಹೊರತು, ವ್ಯಾಪ್ತಿಯನ್ನು ಮುರಿಯಲು ಅಲ್ಲ. ಊತಕ ತಾಳುವುದಕ್ಕಿಂತ ದೊಡ್ಡದನ್ನು ಇಟ್ಟರೆ ಚರ್ಮ ತೆಳುವಾಗಿ ಇಂಪ್ಲಾಂಟ್‌ನ ನೆರಿಗೆ ಹೊರಗೆ ಕಾಣುತ್ತದೆ, ಅಂಚು ಕೈಗೆ ಸಿಗುತ್ತದೆ. ಕೆಳಮಡಿಕೆ ಹಿಡಿತ ಕಳೆದುಕೊಂಡು ಇಂಪ್ಲಾಂಟ್ ಜಾರಿ ತೊಟ್ಟು ಮೇಲಕ್ಕೆ ಮುಖ ಮಾಡುತ್ತದೆ. ಚಿಕ್ಕದನ್ನು ಮುಂದೊಮ್ಮೆ ದೊಡ್ಡದಕ್ಕೆ ಬದಲಿಸಬಹುದು. ಹಿಗ್ಗಿ ತೆಳುವಾದ ಊತಕವನ್ನು ಹಳೆಯ ದಪ್ಪಕ್ಕೆ ಮರಳಿಸುವ ಉಪಾಯವಿಲ್ಲ.

ಸರ್ಜನ್ನರ ಎದುರು ಕುಳಿತಾಗ

ಕಾಗದದಲ್ಲಿ ಬರೆದುಕೊಂಡು ಹೋಗಿ, ನಾಚಿಕೊಳ್ಳಬೇಡಿ. ನನ್ನ ಬುಡದ ಅಗಲ ಎಷ್ಟು, ನೀವು ಹೇಳುತ್ತಿರುವ ಇಂಪ್ಲಾಂಟ್‌ನ ವ್ಯಾಸ ಮತ್ತು ಚಾಚು ಎಷ್ಟು? ನನ್ನ ಊತಕಕ್ಕೆ ನೀವು ದಾಟಲು ಒಪ್ಪದ ಮೇಲಿನ ಮಿತಿ ಯಾವುದು, ಏಕೆ? ಸ್ನಾಯುವಿನ ಮೇಲೋ, ಅಡಿಯೋ? ಅಡಿಯಾದರೆ ತೋಳಿಗೆ ಬಲ ಕೊಟ್ಟಾಗ ಸ್ತನ ಅಲುಗುತ್ತದೆಯೇ? (ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಇದು ಮುಖ್ಯ, ಅಲುಗುವುದುಂಟು.) ಆ ದಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅಕ್ಕಪಕ್ಕದ ಗಾತ್ರಗಳೂ ಸಿದ್ಧವಿರುತ್ತವೆಯೇ? ಟೇಪು ಮುಟ್ಟದೆ, ಚಿವುಟಿ ನೋಡದೆ, ಬಟ್ಟೆಯ ಮೇಲಿನಿಂದಲೇ ನೋಡಿ ಒಂದು ಅಂಕಿ ಹೇಳಿದರೆ ಇನ್ನೊಬ್ಬ ಸರ್ಜನ್ನರ ಅಭಿಪ್ರಾಯ ಪಡೆಯಿರಿ. ಪ್ಲಾಸ್ಟಿಕ್ ಸರ್ಜರಿಯಲ್ಲೇ ತರಬೇತಿ ಪಡೆದವರೇ ಎಂಬುದನ್ನೂ ನೋಡಿಕೊಳ್ಳಿ.

ಗಾತ್ರದ ಮಾತಿನಲ್ಲಿ ಮುಳುಗಿ ಇಂಪ್ಲಾಂಟ್‌ನ ಜಾತಿಯನ್ನು ಮರೆಯಬೇಡಿ. ನೀರಹನಿಯ ಆಕಾರದ್ದು ಒಳಗೆ ತಿರುಗಿದರೆ ಸ್ತನದ ಆಕಾರವೇ ಕೆಡುತ್ತದೆ, ಗುಂಡಗಿನದು ತಿರುಗಿದರೂ ವ್ಯತ್ಯಾಸವಿಲ್ಲ. ತಿರುಗದಿರಲೆಂದು ನೀರಹನಿಯ ಆಕಾರದವುಗಳ ಮೇಲ್ಮೈಯನ್ನು ಸಾಮಾನ್ಯವಾಗಿ ಒರಟಾಗಿ ಮಾಡಿರುತ್ತಾರೆ. ಒರಟು ಮೇಲ್ಮೈಗೂ ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೂ ಸಂಬಂಧವಿರುವುದು ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ತನವರ್ಧನೆಗೆ ಉಪ್ಪುನೀರಿನ ಇಂಪ್ಲಾಂಟನ್ನು 18 ವರ್ಷ ತುಂಬಿದವರಿಗೆ, ಸಿಲಿಕೋನ್ ಜೆಲ್‌ನದನ್ನು 22 ತುಂಬಿದವರಿಗೆ ಮಾತ್ರ ಅನುಮೋದಿಸಿದೆ. ಇವು ಜೀವಮಾನವಿಡೀ ಬಾಳುವ ಸಾಧನಗಳಲ್ಲ ಎಂಬ ಎಚ್ಚರಿಕೆಯನ್ನು ಇಂಪ್ಲಾಂಟ್‌ನ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸಬೇಕು, ಶಸ್ತ್ರಚಿಕಿತ್ಸೆಗೆ ಮೊದಲು ಮಹಿಳೆಯ ಜೊತೆ ಕುಳಿತು ಅಪಾಯಗಳ ಪಟ್ಟಿಯನ್ನು ಓದಬೇಕು ಎಂದು 2021ರಲ್ಲಿ ಅದೇ ಸಂಸ್ಥೆ ಆದೇಶಿಸಿತು. ನೀವು ಎಲ್ಲಿದ್ದರೂ ಅಂಥ ಪಟ್ಟಿಯನ್ನು ಕೇಳಿ ಪಡೆದು, ಮನೆಗೆ ಒಯ್ದು ಓದಿ.

ತೂಕ ಹೆಚ್ಚು ಇಳಿಸುವ ಯೋಚನೆಯಿದ್ದರೆ ಮೊದಲು ಇಳಿಸಿ. ಹಾಲೂಡಿಸುತ್ತಿದ್ದರೆ ನಿಲ್ಲಿಸಿ ಕೆಲವು ತಿಂಗಳು ಕಳೆಯಲಿ. ಬದಲಾಗುತ್ತಿರುವ ಸ್ತನಕ್ಕೆ ತೆಗೆದ ಅಳತೆ ಕೆಲಸಕ್ಕೆ ಬಾರದು.

ಆಮೇಲೆ

ಮೊದಲ ವಾರಗಳಲ್ಲಿ ಸ್ತನ ಎತ್ತರದಲ್ಲಿ, ಬಿಗಿಯಾಗಿ, ಚೌಕಾಕಾರವಾಗಿ ಕಾಣುತ್ತದೆ. ಒಂದು ಬದಿ ಮೊದಲು ಇಳಿಯುತ್ತದೆ, ಇನ್ನೊಂದು ಹಟ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಗಾತ್ರದ ಬಗ್ಗೆ ತೀರ್ಪು ಕೊಡಬೇಡಿ, ದುಬಾರಿ ಬ್ರಾಗಳನ್ನೂ ಕೊಳ್ಳಬೇಡಿ. ಸ್ನಾಯು ಸಡಿಲಗೊಂಡು ಇಂಪ್ಲಾಂಟ್ ತನ್ನ ಜಾಗಕ್ಕೆ ಇಳಿಯಲು ಮೂರರಿಂದ ಆರು ತಿಂಗಳು ಬೇಕು. ಆದರೆ ಒಂದೇ ಬದಿ ಹಠಾತ್ತನೆ ಊದಿಕೊಂಡರೆ, ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಬಿಡುಗಡೆಯ ದಿನ ಇಂಪ್ಲಾಂಟ್‌ನ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ತಯಾರಕರ ಹೆಸರು, ಎಡಬಲದ ಪರಿಮಾಣ, ಮಾದರಿ, ಕ್ರಮಸಂಖ್ಯೆ ಇರುತ್ತವೆ. ಅದರ ಚಿತ್ರವೊಂದನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಸಿಲಿಕೋನ್ ಜೆಲ್ ಇಂಪ್ಲಾಂಟ್ ಒಳಗೇ ಒಡೆದರೆ ಹೊರಗೆ ಗೊತ್ತಾಗದಿರಬಹುದು. ಐದಾರು ವರ್ಷಕ್ಕೆ ಮೊದಲ ಬಾರಿ, ಅನಂತರ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಎಫ್‌ಡಿಎ ಹೇಳುತ್ತದೆ. ಆಗ ಆ ಚೀಟಿ ಬೇಕು. ಮ್ಯಾಮೊಗ್ರಾಂಗೆ ಹೋದಾಗಲೂ ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಿ. ಅದನ್ನು ಹಿಂದಕ್ಕೆ ಸರಿಸಿ ಹೆಚ್ಚುವರಿ ಚಿತ್ರಗಳನ್ನು ತೆಗೆಯುವ ಕ್ರಮವಿದೆ. ಎಂದಾದರೂ ಗಾತ್ರ ಬದಲಿಸಬೇಕೆನಿಸಿದರೆ, ಹೊಸ ಸರ್ಜನ್ ಮೊದಲು ಕೇಳುವುದೂ ಆ ಚೀಟಿಯನ್ನೇ.